ಮೂರನೆಯ ಕರೆ

"ಒಂದೇ ಸಲ ಕೇಳಿದ್ಯಾ?"

ಹೆಲ್ವಿ ಕೈಯಲ್ಲಿದ್ದ ಲಟ್ಟಣಿಗೆಯನ್ನು ಹಾಗೇ ಬಿಟ್ಟಳು. ಅದು ಮೇಜಿನ ಮೇಲೆ ಉರುಳಿಕೊಂಡು ಹೋಗಿ ರೈ ಧಾನ್ಯದ ಹಿಟ್ಟಿನ ಡಬ್ಬಿಗೆ ತಾಗಿ ನಿಂತಿತು. ಮಗಳು ಕಳ್ಳತನ ಮಾಡಿ ಸಿಕ್ಕಿಬಿದ್ದಳು ಎಂದು ಯಾರೋ ಬಂದು ಹೇಳಿದ ಹಾಗಿತ್ತು ಮುದುಕಿಯ ಮುಖ.

"ಹೂಂ, ಅರ್ಮಸ್ ಮಾಮನ್ನ ಕೇಳ್ದೆ. ನುಡಿಸೋಕೆ ಆಗಲ್ಲ ಅಂದ್ರು. ಸರಿ ಅಂದೆ," ಎಂದಳು ಇರ್ಮೆಲಿ. "ಇನ್ನೇನು, ಕಾಲು ಹಿಡ್ಕೋಬೇಕಿತ್ತಾ?"

"ಆಗಲ್ಲ ಅಂದ್ರೆ ಆಗಲ್ಲ ಅಂತಾನೇನೇ? ಮರ್ಯಾದೆ ಇರೋ ಮನುಷ್ಯ ಮೊದಲ್ನೇ ಸಲಕ್ಕೇ ಹೂಂ ಅಂತಾನಾ? ಎರಡನೇ ಸಲಾನೂ ಬೇಡ ಅಂತಾನೆ. ಮೂರನೇ ಸಲ ಕೇಳಿದ್ರೆ, ಇಷ್ಟು ಹೇಳ್ತಿದ್ದೀರಲ್ಲ, ಏನ್ಮಾಡೋದು ಅಂತ ಎದ್ದು ಬರ್ತಾನೆ. ಅರವತ್ತು ದಾಟಿದೆ ನಿಂಗೆ, ಇದನ್ನೂ ಹೇಳ್ಕೊಡ್ಬೇಕಾ?"

ಇರ್ಮೆಲಿಗೆ ಮೈಯೆಲ್ಲ ಬೆವರಿತು. ಡಿಸೆಂಬರ್ ತಿಂಗಳೇ ಕಡುಬೇಸಿಗೆಯಾದ ಆಸ್ಟ್ರೇಲಿಯಾದ ಗಣಿ ಊರು ಮೌಂಟ್ ಐಸಾದಲ್ಲಿ ಬೆವರುವುದಕ್ಕೆ ಬೇರೆ ಕಾರಣ ಬೇಕಿಲ್ಲ, ಆದರೆ ಇದು ಆ ಬೆವರಲ್ಲ. ಇನ್ನು ಮೂರು ದಿನಕ್ಕೆ ಫಿನ್ಲೆಂಡ್ ಸ್ವತಂತ್ರವಾಗಿ ನೂರು ವರ್ಷ. ಗಣಿ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದ ಫಿನ್ ಜನ ತಮ್ಮ ಸಂಘದ ಹಾಲಿನಲ್ಲಿ ಸಂಗೀತ ಕಛೇರಿ ಇಟ್ಟುಕೊಂಡಿದ್ದರು. ಅಜ್ಜ ಅಜ್ಜಿಯರ ಕಾಲದ ಹಾಡು, ಕುಣಿತ, ವಾದ್ಯ, ಎಲ್ಲ ಒಂದೇ ಸಂಜೆ. ಅದರ ಮುಖ್ಯಸ್ಥೆ ಇರ್ಮೆಲಿ. ಮುಖ್ಯಸ್ಥೆ ಆದದ್ದು ಹೇಗೆಂದರೆ, ಸಭೆಯಲ್ಲಿ ಒಬ್ಬೊಬ್ಬರನ್ನೇ ಕೇಳಿದಾಗ ಎಲ್ಲರೂ ತಲೆ ಬಗ್ಗಿಸಿಕೊಂಡು "ನನಗೆಲ್ಲಿ ಬರುತ್ತೆ" ಎಂದರು. ಇವಳೊಬ್ಬಳು "ಆಯ್ತು, ಮಾಡ್ತೀನಿ" ಎಂದುಬಿಟ್ಟಳು. ಬಗ್ಗಿದ್ದ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಯಾಕೆಂದು ಅವಳಿಗೆ ಈಗ ಹೊಳೆಯಿತು.

"ಇನ್ನೂ ಕೇಳು," ಎಂದಳು ಹೆಲ್ವಿ. ಹಿಟ್ಟಿನ ಕೈಯಿಂದಲೇ ಗೋಡೆಯ ಮೇಲಿನ ಪೋಸ್ಟರ್ ತೋರಿಸಿದಳು. ನೀಲಿ ಬಿಳಿ ಬಣ್ಣದ ಆ ಪೋಸ್ಟರಿನಲ್ಲಿ ಕಂತೆಲೆ ವಾದನ ಎಂದು ಬರೆದು ಪಕ್ಕದಲ್ಲೇ ಧ್ವನಿಮುದ್ರಿಕೆ ಎಂದಿತ್ತು. "ಅರ್ಮಸ್ ಇದೇ ಊರಲ್ಲಿ ಬದುಕಿದ್ದಾನೆ. ಅವನ ಮುಂದೆ ಡಬ್ಬದಲ್ಲಿ ಕಂತೆಲೆ ಹಾಕ್ತೀಯಾ! ಎರಡು ಶನಿವಾರ ಆಯ್ತು, ಸೌನಾಗೆ ಬಂದಿಲ್ಲ ಅವನು."

ಅದು ಇರ್ಮೆಲಿಗೂ ಗೊತ್ತಿತ್ತು. ಹೊರಗೆ ಕಾಗೆ ಬಾಯಿ ತೆರೆದು ಕೂರುವ ಬಿಸಿಲಿನಲ್ಲೂ ಶನಿವಾರದ ಸೌನಾ ತಪ್ಪಿಸದೆ ಬಂದು, ಕಾದ ಕಲ್ಲಿನ ಮೇಲೆ ನೀರು ಹೊಯ್ದುಕೊಂಡು, ಹಬೆಯಲ್ಲಿ ಬೆಂದು ಹೋಗುವ ಮನುಷ್ಯ ಅರ್ಮಸ್. ಅವನು ಬಾರದ್ದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಒಬ್ಬರಾದರೂ ಅವಳಿಗೆ ಯಾಕೆಂದು ಹೇಳಲಿಲ್ಲ. ಈ ಜನವೇ ಹಾಗೆ. ಮನೆಗೆ ಬೆಂಕಿ ಬಿದ್ದರೂ ಪಕ್ಕದವರ ನಿದ್ದೆ ಕೆಡುತ್ತದೆಂದು ಸುಮ್ಮನಿರುವವರು.

"ಮೊದಲನೇದು ಆಗಿದೆ. ಇನ್ನೆರಡು ಸಲ ಹೋಗಿ ಕೇಳು," ಎಂದು ಹೆಲ್ವಿ ಲಟ್ಟಣಿಗೆ ಎತ್ತಿಕೊಂಡಳು. "ಅವನು ನುಡಿಸದಿದ್ರೆ ನಾನೂ ಬರಲ್ಲ. ಇಲ್ಲೇ ಕೂತು ಟೀವಿ ನೋಡ್ತೀನಿ."

ತಾಯಿಯ ಬೆದರಿಕೆಗಿಂತ ಹೆಚ್ಚಿನ ಸಂಗತಿ ಇತ್ತು ಇರ್ಮೆಲಿಯ ಮನಸ್ಸಿನಲ್ಲಿ. ಅವಳ ಅಪ್ಪ ರೈನೊ ಮತ್ತು ಅರ್ಮಸ್ ಒಂದೇ ಗಣಿಯಲ್ಲಿ ತಾಮ್ರ ಅಗೆದವರು. ಪ್ರತಿ ಸ್ವಾತಂತ್ರ್ಯ ದಿನ ಹಾಲಿನಲ್ಲಿ ರೈನೊನದು ಅಕಾರ್ಡಿಯನ್, ಅರ್ಮಸ್‌ನದು ಕಂತೆಲೆ. ತೊಡೆಯ ಮೇಲಿಟ್ಟು ಬೆರಳಿನಿಂದ ಮೀಟುವ ಆ ತಂತಿವಾದ್ಯವನ್ನು ಅವನು ಇಲ್ಲಿಯ ಮರದಲ್ಲೇ ತಾನೇ ಕೆತ್ತಿಕೊಂಡಿದ್ದ. ಚಿಕ್ಕವಳಿದ್ದಾಗ ಇರ್ಮೆಲಿ ಬೆಂಚಿನ ಮೇಲೆ ಅದನ್ನು ಕೇಳುತ್ತಲೇ ನಿದ್ದೆಹೋಗುತ್ತಿದ್ದಳು. ನಾಲ್ಕು ವರ್ಷದ ಹಿಂದೆ ರೈನೊ ತೀರಿಕೊಂಡ ಮೇಲೆ ಅರ್ಮಸ್ ಹಾಲಿನಲ್ಲಿ ವಾದ್ಯ ಮುಟ್ಟಿರಲಿಲ್ಲ. ಈ ಸಲ ಹೇಗಾದರೂ ಅದನ್ನು ಮತ್ತೆ ಕೇಳಬೇಕು ಎಂಬ ಆಸೆಗೇ ಅವಳು ಮುಖ್ಯಸ್ಥೆಯ ಕೆಲಸ ಒಪ್ಪಿಕೊಂಡದ್ದು. ನುಡಿಸಬೇಕಾದವನನ್ನೇ ಈಗ ಮುನಿಸಿಕೊಳ್ಳುವಂತೆ ಮಾಡಿ ಕೂತಿದ್ದಳು.

ಮರುದಿನ ತಾನು ಓಡಿಸುವ ಶಾಲಾ ಬಸ್ಸನ್ನು ಡಿಪೋದಲ್ಲಿ ಬಿಟ್ಟವಳೇ ಏಲಕ್ಕಿ ಹಾಕಿದ ಪುಲ್ಲ ಬ್ರೆಡ್ಡು ಕಟ್ಟಿಕೊಂಡು ಅರ್ಮಸ್‌ನ ಮನೆಗೆ ಹೋದಳು. ಮುದುಕ ವರಾಂಡದಲ್ಲಿ ಬರಿಮೈಯಲ್ಲಿ ಕೂತು ಟೊಮೆಟೊ ಗಿಡಕ್ಕೆ ಪೈಪಿನಲ್ಲಿ ನೀರು ಬಿಡುತ್ತಿದ್ದ. ಇವಳನ್ನು ಕಂಡು ಎದ್ದು ಅಂಗಿ ಹಾಕಿಕೊಂಡ.

"ಬಾ ಇರ್ಮೆಲಿ. ಕಾಫಿ ಕುಡೀತೀಯಾ?"

ಬೆಳಗಿನಿಂದ ಅವಳು ಒಂದು ತೊಟ್ಟೂ ಕುಡಿದಿರಲಿಲ್ಲ. ಆದರೆ ಅಮ್ಮನ ಪಾಠ ನೆನಪಿತ್ತು. ಇವತ್ತು ಎಲ್ಲವೂ ಕ್ರಮದಂತೆ ನಡೆಯಬೇಕು.

"ಅಯ್ಯೋ, ಬೇಡ ಮಾಮ. ಈಗ್ತಾನೆ ಕುಡ್ಕೊಂಡು ಬಂದೆ."

"ಸರಿ," ಎಂದ ಅರ್ಮಸ್. ಒಳಗೆ ಹೋಗಿ ತನಗೊಬ್ಬನಿಗೆ ಬಗ್ಗಿಸಿಕೊಂಡು ಬಂದು ಎದುರು ಕೂತ.

ಇರ್ಮೆಲಿ ಎರಡನೆಯ ಕರೆಗಾಗಿ ಕಾದಳು. ಅರ್ಮಸ್ ಒಂದು ಗುಟುಕು ಕುಡಿದ. ಪುಲ್ಲದ ಒಂದು ಚೂರನ್ನು ಅದ್ದಿ ಬಾಯಿಗಿಟ್ಟುಕೊಂಡ. ಬಿಸಿ ಕಾಫಿಯ ವಾಸನೆ ಅವಳ ಮೂಗಿನ ಮುಂದೆಯೇ ಸುಳಿದಾಡಿತು. ಅವನು ಬಟ್ಟಲು ಅರ್ಧ ಮಾಡಿದ ಮೇಲೆ ಅವಳೇ ಬಾಯಿ ಬಿಟ್ಟಳು.

"ಮಾಮ, ಬುಧವಾರ ನೀವು ಕಂತೆಲೆ ನುಡಿಸಬೇಕು. ನೀವಿಲ್ದೆ ಅದು ಕಛೇರೀನೇ ಅಲ್ಲ."

"ಬೆರಳು ಕೊರಡಾಗಿದೆ ಕಣಮ್ಮ. ಆಗಲ್ಲ." ದೂರದಲ್ಲಿ ಹೊಗೆ ಬಿಡುತ್ತಿದ್ದ ಗಣಿಯ ಚಿಮಣಿಯ ಕಡೆ ಅರ್ಮಸ್ ನೋಡಿದ. "ಸ್ಪೀಕರ್ ಇದೆಯಲ್ಲ ನಿಮ್ದು. ಅದಕ್ಕೆ ಬೆರಳು ನೋಯಲ್ಲ."

ಎರಡು ಆಯಿತು. ಮೂರನೆಯದಕ್ಕೆ ಬಾಯಿ ತೆರೆದಳು. ಹೊರಗೆ ಬಂದದ್ದು ಬೇರೆಯೇ ಮಾತು.

"ಮಾಮ, ನಂಗೆ ಕಾಫಿ ಬೇಕಾ ಅಂತ ಇನ್ನೊಂದ್ಸಲ ಯಾಕೆ ಕೇಳ್ಲಿಲ್ಲ?"

ಮುದುಕ ಆಶ್ಚರ್ಯದಿಂದ ನೋಡಿದ. "ನಿಂಗಾ? ನೀನು ಆಸ್ಟ್ರೇಲಿಯಾದ ಹುಡುಗಿ ಅಲ್ವಾ. ನಿಮ್ಮೋರಲ್ಲಿ ಬೇಡ ಅಂದ್ರೆ ಬೇಡ ಅಂತ ತಾನೆ? ಬಂದ ಹೊಸದ್ರಲ್ಲಿ ಗಣೀಲಿ ಮೇಸ್ತ್ರಿ ತಣ್ಣಗಿರೋ ನೀರಿನ ಬಾಟ್ಲಿ ಹಿಡಿದು ಕೇಳ್ದ. ನಾನು ಮರ್ಯಾದೆಗೆ ಬೇಡ ಅಂದೆ. ಅವನು ಅದನ್ನ ಇನ್ನೊಬ್ಬನಿಗೆ ಕೊಟ್ಬಿಟ್ಟ! ಆವತ್ತಿಡೀ ನಾಲಿಗೆ ಒಣಗಿಸ್ಕೊಂಡು ಕಲ್ಲು ಒಡೆದೆ. ಆವತ್ತಿಂದ ನಿಮ್ಮೋರ ಹತ್ರ ಮೊದಲ್ನೇ ಸಲಕ್ಕೇ ಹೂಂ ಅಂದ್ಬಿಡ್ತೀನಿ." ಅವನು ಹೊಟ್ಟೆ ಕುಣಿಸಿಕೊಂಡು ನಕ್ಕ.

ಇರ್ಮೆಲಿಯೂ ನಕ್ಕಳು. ಆದರೆ ನಿಮ್ಮೋರು ಎಂಬ ಮಾತು ಮನಸ್ಸಿಗೆ ಚುಚ್ಚಿತು. ಮೂರು ವರ್ಷದ ಕೂಸಾಗಿ ಫಿನ್ಲೆಂಡಿನಿಂದ ಹಡಗಿನಲ್ಲಿ ಬಂದವಳು ಅವಳು. ಮನೆಯಲ್ಲಿ ಆಡುವ ಮಾತು ಫಿನ್ನಿಶ್, ಮಾಡುವ ಅಡುಗೆ ಫಿನ್ನಿಶ್. ಗಂಡ ಬ್ಯಾರಿ ಮಾತ್ರ ಇಲ್ಲೇ ಹುಟ್ಟಿದ ಆಸ್ಟ್ರೇಲಿಯಾದವನು, ಅಷ್ಟೆ. ಅಷ್ಟಕ್ಕೆ ತಾನು ಇವರ ಲೆಕ್ಕದಲ್ಲಿ ಹೊರಗಿನವಳೇ? ಒಂದೇ ಸಲ ಕೇಳಿ ಬಿಟ್ಟುಬಿಡಬಹುದಾದವಳೇ? ಕಣ್ಣು ತುಂಬಿ ಬಂತು. ಮುದುಕನಿಗೆ ಕಾಣಬಾರದೆಂದು ಬೇಗ ಎದ್ದು ಹೊರಟಳು. ಮೂರನೆಯ ಕರೆ ಹಾಗೇ ಉಳಿದುಬಿಟ್ಟಿದ್ದು ನೆನಪಾದಾಗ ಕಾರು ಒಣಗಿದ ನದಿಯ ಸೇತುವೆ ದಾಟಿತ್ತು. ವಾಪಸ್ಸು ಹೋಗಲು ಅಭಿಮಾನ ಬಿಡಲಿಲ್ಲ.

ಬುಧವಾರ ಸಂಜೆ ಐದಕ್ಕೂ ಬಿಸಿಲು ಕೆಂಪು ಗುಡ್ಡಗಳ ಮೇಲೆ ಹಾಗೇ ಕೂತಿತ್ತು. ಪದ್ಧತಿಯಂತೆ ಹಾಲಿನ ಪ್ರತಿ ಕಿಟಕಿಯಲ್ಲೂ ಎರಡೆರಡು ಮೇಣದಬತ್ತಿ ಇಟ್ಟಿದ್ದರು. ಹಚ್ಚುವ ಮೊದಲೇ ಅವು ಶಾಖಕ್ಕೆ ಬಾಗಿ, ಬೀದಿಯಲ್ಲಿ ಯಾರು ಬರುತ್ತಾರೆಂದು ಬಗ್ಗಿ ನೋಡುತ್ತಿದ್ದವು. ಕಾಫಿ ಮೇಜಿನ ಯಜಮಾನಿ ಕೆರ್ತು ಅವುಗಳನ್ನು ನೆಟ್ಟಗೆ ಮಾಡುತ್ತಾ ಒಂದು ಸುತ್ತು ಮುಗಿಸುವಷ್ಟರಲ್ಲಿ ಮೊದಲಿನವು ಮತ್ತೆ ಬಾಗುತ್ತಿದ್ದವು.

"ಹಿಮದ ದೇಶದ ಪದ್ಧತಿ ತಂದು ಬಾಣಲೇಲಿ ಇಟ್ಟ ಹಾಗಾಯ್ತು ನಮ್ಮ ಕಥೆ," ಎಂದು ಗೊಣಗಿದಳು. "ಇರಲಿ. ನಾವೂ ಬಾಗಿಲ್ವಾ ವಯಸ್ಸಿಗೆ."

ಸಭಾಂಗಣ ತುಂಬಿತು. ತುಂಬಿತು ಎಂದರೆ ಹಿಂದಿನಿಂದ ತುಂಬಿತು. ಮುಂದಿನ ಮೂರು ಸಾಲು ಎಂದಿನಂತೆ ಖಾಲಿ. ತಾನು ದೊಡ್ಡವನು ಎಂದು ಹೋಗಿ ಮುಂದೆ ಕೂರುವವರು ಯಾರು? ಹೆಲ್ವಿ ಟೀವಿಯ ಮಾತು ಮರೆತು ನೀಲಿ ಫ್ರಾಕು ತೊಟ್ಟು ಬಂದಿದ್ದಳು. ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಮಕ್ಕಳು ಕುಣಿದರು, ಹೆಂಗಸರ ಗುಂಪು ಹಾಡಿತು. ಒಬ್ಬಾಕೆ ಬೇರೆ ಶ್ರುತಿಯಲ್ಲಿ ಹಾಡಿದಳು, ಯಾರೂ ಮುಖ ಕೆಡಿಸಿಕೊಳ್ಳಲಿಲ್ಲ.

ಎರಡನೆಯ ಹಾಡಿನ ನಡುವೆ ಹಿಂದಿನ ಬಾಗಿಲು ತೆರೆಯಿತು. ಅರ್ಮಸ್ ಬಂದ. ಮದುವೆಗೆ ಹಾಕುವ ಕರಿ ಸೂಟು. ಮೀನು ಹಿಡಿಯಲು ಹೋಗುವವರು ಒಯ್ಯುವಂಥ ಉದ್ದನೆಯ ಬಿಳಿ ಐಸ್‌ಬಾಕ್ಸನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು ಅದನ್ನು ಕಾಲ ಬಳಿ ಇಟ್ಟುಕೊಂಡ.

"ಮುದುಕಪ್ಪ ಬಿಯರ್ ತಂದಿದ್ದಾನೆ ನೋಡು," ಎಂದು ಸ್ಪೀಕರಿನ ಪಕ್ಕ ಕೂತಿದ್ದ ಬ್ಯಾರಿ ಖುಷಿಯಾಗಿ ಕಣ್ಣು ಹೊಡೆದ.

ಇರ್ಮೆಲಿಯೂ ಹಾಗೇ ಅಂದುಕೊಂಡಳು. ಮೈಕಿನ ಮುಂದೆ ಹೋಗಿ, ಈಗ ಕಂತೆಲೆ ವಾದನ ಎಂದಳು. ಬ್ಯಾರಿಯ ಬೆರಳು ಸ್ಪೀಕರಿನ ಗುಂಡಿಯ ಮೇಲಿತ್ತು. ಆಗ ಐಸ್‌ಬಾಕ್ಸಿನ ಮುಚ್ಚಳದ ಸಂದಿಯಿಂದ ಇಣುಕುತ್ತಿದ್ದ ಉಣ್ಣೆಯ ಕಂಬಳಿಯ ಅಂಚು ಅವಳ ಕಣ್ಣಿಗೆ ಬಿತ್ತು. ಬಿಯರಿಗೆ ಕಂಬಳಿ ಹೊದಿಸುವವರು ಯಾರು?

"ಬ್ಯಾರಿ, ಹಾಕ್ಬೇಡ," ಎಂದಳು. ಅದು ಮೈಕಿನಲ್ಲೇ ಎಲ್ಲರಿಗೂ ಕೇಳಿಸಿತು.

ವೇದಿಕೆ ಇಳಿದು ಖಾಲಿ ಸಾಲುಗಳನ್ನು, ತುಂಬಿದ ಸಾಲುಗಳನ್ನು ದಾಟಿ ನಡೆದಳು. ಇಷ್ಟು ಜನರೆದುರು ಅವನು ಮತ್ತೆ ಬೇಡ ಎಂದರೆ ಮುಗಿಯಿತು. ನಾಲ್ಕನೆಯ ಕರೆ ಎಂಬುದಿಲ್ಲ. ಅಪ್ಪನ ಕಾಲದ ಆ ನಾದ ಅಲ್ಲಿಗೆ ಶಾಶ್ವತವಾಗಿ ನಿಂತಂತೆ. ಅವನ ಮುಂದೆ ನಿಂತು, ಮೈಕಿಲ್ಲದೆ, ಮೆಲ್ಲಗೆ ಹೇಳಿದಳು:

"ಅರ್ಮಸ್ ಮಾಮ, ಮೂರನೇ ಸಲ ಕೇಳ್ತಿದ್ದೀನಿ. ಆವತ್ತೇ ಕೇಳ್ಬೇಕಿತ್ತು. ದಯವಿಟ್ಟು ನುಡಿಸಿ."

ಅರ್ಮಸ್ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. "ಅಯ್ಯೋ, ಇಷ್ಟು ಜನದ ಮುಂದೆ ನನ್ನಂಥೋನು ಏನು ನುಡಿಸೋದು..." ಎಂದ. ಎನ್ನುತ್ತಲೇ ಬಗ್ಗಿ ಐಸ್‌ಬಾಕ್ಸಿನ ಹಗ್ಗ ಬಿಚ್ಚತೊಡಗಿದ. ಗಂಟು ಬಿಗಿದುಕೊಂಡಿತ್ತು.

"ಬೇಗ ಬಿಚ್ಚಯ್ಯ," ಎಂದು ಹೆಲ್ವಿ ಅಲ್ಲಿಂದಲೇ ಕೂಗಿದಳು. "ನಂಗೆ ಎಂಬತ್ತಾರು. ಕಾಯೋಕೆ ಪುರುಸೊತ್ತಿಲ್ಲ!"

ಸಭೆಗೆ ಸಭೆಯೇ ನಕ್ಕಿತು. ಪೆಟ್ಟಿಗೆಯಲ್ಲಿ ಐಸ್ ಇರಲಿಲ್ಲ. ದಾರಿಯ ಬಿಸಿಲಿಗೆ ತಂತಿಯ ಶ್ರುತಿ ಹೋಗದಿರಲೆಂದು ಕಂಬಳಿ ಸುತ್ತಿ ಮಲಗಿಸಿದ್ದ ಕಂತೆಲೆ ಇತ್ತು. ಬ್ಯಾರಿಯ ಮುಖ ಸ್ವಲ್ಪ ಸಪ್ಪಗಾಯಿತು.

ಅರ್ಮಸ್ ವೇದಿಕೆಗೆ ಹೋಗಲಿಲ್ಲ. ಕೂತಲ್ಲೇ ತೊಡೆಯ ಮೇಲಿಟ್ಟುಕೊಂಡು ನುಡಿಸಿದ. ಎಲ್ಲರೂ ಕುರ್ಚಿ ತಿರುಗಿಸಿಕೊಂಡರು, ಕೊನೆಯ ಸಾಲೇ ಮೊದಲನೆಯದಾಯಿತು. ಬೆರಳು ಅಲ್ಲಲ್ಲಿ ತಪ್ಪಿತು. ಹಳೆಯ ಕುಣಿತದ ಮಟ್ಟು. ಇರ್ಮೆಲಿಗೆ ಅದರ ಪ್ರತಿ ತಿರುವೂ ಗೊತ್ತಿತ್ತು. ನಡುನಡುವೆ ಅವನು ಕೈ ಎತ್ತಿ ಸುಮ್ಮನಿರುತ್ತಿದ್ದ. ಮರೆತನೇನೋ ಎಂದು ಮೊದಲು ಹೆದರಿದಳು. ಆಮೇಲೆ ತಿಳಿಯಿತು, ಅದು ಅಪ್ಪನ ಅಕಾರ್ಡಿಯನ್ ಬರಬೇಕಾದ ಜಾಗ. ಅಪ್ಪನಿಗೆ ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ಕಾದು, ಮತ್ತೆ ತನ್ನ ತಂತಿ ಮೀಟುತ್ತಿದ್ದ. ಇರ್ಮೆಲಿ ಅತ್ತಳು. ಅಡಗಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಹೆಲ್ವಿ ಅವಳ ಮೊಣಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

ಮುಗಿದ ಮೇಲೆ ಕೆರ್ತು, "ಕಾಫಿ ಆಗಿದೆ, ಬನ್ನಿ ಬನ್ನಿ," ಎಂದು ಕೂಗಿದಳು. ಯಾರೂ ಅಲ್ಲಾಡಲಿಲ್ಲ. ರೈ ಹಿಟ್ಟಿನ ಕಡುಬು, ಪುಲ್ಲ, ನೀಲಿ ಸಕ್ಕರೆಯ ಕೇಕು ಎಲ್ಲ ಹರಡಿದ್ದ ಮೇಜಿನಿಂದ ದೂರ ಗೋಡೆಗೆ ಒರಗಿ, "ನೀವು ಹೋಗಿ, ನೀವು ಹೋಗಿ" ಎನ್ನುತ್ತಾ ನಿಂತರು. ವರ್ಷವೂ ಇದೇ ಆಟ. ವರ್ಷವೂ ಇರ್ಮೆಲಿ ಮೊದಲು ಹೋಗಿ ಬಟ್ಟಲು ಎತ್ತಿಕೊಳ್ಳುತ್ತಿದ್ದಳು, ಉಳಿದವರು ಅದಕ್ಕೇ ಕಾದಿದ್ದವರಂತೆ ಅವಳ ಹಿಂದೆ ಸಾಲುಗಟ್ಟುತ್ತಿದ್ದರು. ಈಗಲೂ ಎಲ್ಲರ ಕಣ್ಣು ಅವಳ ಮೇಲಿತ್ತು. ಅವಳು ಹೋಗಲಿಲ್ಲ. ಕಿಟಕಿಯ ಬಳಿ ಕೈಕಟ್ಟಿ ನಿಂತಳು.

"ಏನೇ ಇದು, ಕಾಫಿ ಆರುತ್ತೆ," ಎಂದಳು ಕೆರ್ತು ಕಂಗಾಲಾಗಿ.

ಅರ್ಮಸ್ ಕಂತೆಲೆಯನ್ನು ಹೆಲ್ವಿಯ ಮಡಿಲಲ್ಲಿಟ್ಟು ಎದ್ದ. ಮೇಜಿಗೆ ಹೋಗಿ ಒಂದು ಬಟ್ಟಲಿಗೆ ಕಾಫಿ ಬಗ್ಗಿಸಿಕೊಂಡು, ಚೆಲ್ಲದಂತೆ ಹೆಜ್ಜೆ ಇಡುತ್ತಾ ಇರ್ಮೆಲಿಯ ಮುಂದೆ ಬಂದು ನಿಂತ.

"ತಗೋ."

"ಬೇಡ ಮಾಮ. ನೀವು ಕುಡೀರಿ ಮೊದಲು."

ಅವನು ಹೋಗಲಿಲ್ಲ. ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ.

"ಒಂದು ಬಟ್ಟಲು ತಗೋಮ್ಮ. ನಿಮ್ಮಮ್ಮ ಮಾಡಿದ ಕಡುಬೂ ಇದೆ."

"ಅಯ್ಯೋ, ನಂಗ್ಯಾಕೆ ಮಾಮ..."

ಕಿಟಕಿಯಲ್ಲಿ ಜೋಡಿ ಮೇಣದಬತ್ತಿಗಳು ಒಂದರ ಮೇಲೊಂದು ಒರಗಿಕೊಂಡು ಉರಿಯುತ್ತಿದ್ದವು. ಗೋಡೆಗೆ ಒರಗಿದ್ದವರೆಲ್ಲ ಈ ಕಡೆಗೇ ತಿರುಗಿದ್ದರು. ಬಟ್ಟಲು ಬಿಸಿಯಾಗಿತ್ತು. ಅರ್ಮಸ್ ಅದನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡು, ಇನ್ನೂ ಒಂದು ಹೆಜ್ಜೆ ಹತ್ತಿರ ಬಂದು, ಗಂಟಲು ಸರಿಮಾಡಿಕೊಂಡ.