ಬುಧವಾರದ ಹಾಸು

ಶೋಭಾರಾಣಿ ಮಗ್ಗದ ಗುಂಡಿಯಿಂದ ಮೇಲೆ ಬರಲು ಒಪ್ಪಲಿಲ್ಲ.

ಗುಂಡಿಯ ಅಂಚಿನ ಹಲಗೆಯ ಮೇಲೆ ಕುಳಿತು, ಕಾಲೆರಡನ್ನೂ ಕೆಳಗಿನ ಕತ್ತಲಿಗೆ ಇಳಿಬಿಟ್ಟು, ತುಂಬಿದ ಹೊಟ್ಟೆಯನ್ನು ಎರಡು ಕೈಯಲ್ಲೂ ತಬ್ಬಿಕೊಂಡಿದ್ದಳು. ಮುಖ ಬಾತಿತ್ತು. ಬಳೆಗಳು ಮಣಿಕಟ್ಟಿಗೆ ಕಚ್ಚಿಕೊಂಡಿದ್ದವು. ಬಿ.ಪಿ. ಏರಿದೆ, ಬುಧವಾರ ಬೆಳಿಗ್ಗೆ ಬಂದು ಸೇರಲೇಬೇಕು, ತಡ ಮಾಡಿದರೆ ತಾಯಿ ಮಗು ಇಬ್ಬರಿಗೂ ಅಪಾಯ ಎಂದು ಡಾಕ್ಟರಮ್ಮ ಸೋಮವಾರವೇ ಹೇಳಿ ಕಳಿಸಿದ್ದರು. ಈಗ ಬುಧವಾರ ಬೆಳಿಗ್ಗೆ. ಹೊರಗೆ ಓಬುಳೇಶನ ಆಟೋ ಆಗಲೇ ಬಂದು ನಿಂತಿತ್ತು.

"ಏಳಮ್ಮ ನನ್ನ ತಾಯಿ, ಹೋಗಿ ಒಂದ್ಸಲ ತೋರಿಸ್ಕೊಂಡಾದ್ರೂ ಬಂದ್ಬುಡಾಣ" ಎಂದು ಅತ್ತೆ ರಾಮಕ್ಕ ಅವಳ ಭುಜ ಹಿಡಿದು ಬೇಡುತ್ತಿದ್ದಳು.

"ನಾನು ಬರಾಕಿಲ್ಲ ಅತ್ತೆ. ಇವತ್ತೇ ಎಲ್ಲಾ ಮುಗಿಯೋದಾದ್ರೆ ಇದನ್ನ ಯಾಕೆ ಹೊರಗೆ ತರಬೇಕು? ಒಳಗೇ ಇರ್ಲಿ. ಒಳಗಿದ್ರೆ ಅದಕ್ಕೇನೂ ಕಾಣಾಕಿಲ್ಲ."

ನಾದಿನಿ ಯಶೋದಾ ಹೆಗಲ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತಳು. ಕಲ್ಯಾಣದುರ್ಗದಿಂದ ಮೊದಲನೇ ಬಸ್ಸಿಗೆ ಹೊರಟು ಬಂದಿದ್ದಳು. ಹಿಂದಿನ ಸಂಜೆ ಅಣ್ಣ ವೇಣುಗೋಪಾಲ್ ಫೋನಿನಲ್ಲಿ ಹೆಚ್ಚು ಮಾತಾಡಿರಲಿಲ್ಲ. "ನೀನು ಅದೇನೋ ಮೃಗ ಅಂತ ಓದಿ ಹೇಳಿದ್ಯಂತಲ್ಲ. ಬಂದು ನೀನೇ ಸಮಾಧಾನ ಹೇಳು" ಎಂದು ಇಟ್ಟುಬಿಟ್ಟಿದ್ದ.

ಬಸ್ಸಿನಲ್ಲೂ ಲೋಕ ಮುಗಿಯುವ ಅದೇ ಮಾತು. ಬ್ರಹ್ಮಸಮುದ್ರದ ಕಡೆಯ ನಾರಮ್ಮ ಎಂಬಾಕೆ ಮಡಿಲಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡು ಪರಿಗಿಯ ಮಗಳ ಮನೆಗೆ ಹೊರಟಿದ್ದಳು. "ಸತ್ರೆ ಎಲ್ರೂ ಒಟ್ಟಿಗೆ ಸಾಯಾಣ ಅಂತ ಹೋಯ್ತಿದೀನಿ ಕಣಮ್ಮ. ಕೋಳಿ ಮಧ್ಯಾಹ್ನಕ್ಕೆ." ಕಂಡಕ್ಟರ್ ನಕ್ಕು, "ಪ್ರಳಯ ಆದ್ರೂ ಡಿಪೋದೋರು ಲೆಕ್ಕ ಕೇಳ್ತಾರೆ, ಟಿಕೆಟ್ ತಗೋ ಅವ್ವಾ" ಎಂದಿದ್ದ. ಎಲ್ಲರೂ ನಕ್ಕರು.

ಗಡಿಯ ಆ ಊರಿನಲ್ಲಿ ಎಲ್ಲರೂ ನೋಡುವ ತೆಲುಗು ಟೀವಿಗಳಲ್ಲಿ ವಾರದಿಂದ ಬೇರೆ ಸುದ್ದಿಯೇ ಇರಲಿಲ್ಲ. ಎಲ್ಲೋ ಯುರೋಪಿನಲ್ಲಿ ವಿಜ್ಞಾನಿಗಳು ಭೂಮಿಯೊಳಗೆ ದೊಡ್ಡದೊಂದು ಯಂತ್ರ ಕಟ್ಟಿದ್ದಾರೆ, ಬುಧವಾರ ಮಧ್ಯಾಹ್ನ ಅದನ್ನು ಚಾಲೂ ಮಾಡುತ್ತಾರೆ, ಆಗ ಹುಟ್ಟುವ ಕಪ್ಪು ರಂಧ್ರ ಭೂಮಿಯನ್ನೇ ನುಂಗಬಹುದು. ನೀಲಿ ಚೆಂಡಿನಂಥ ಭೂಮಿ ಸುರುಳಿ ಸುತ್ತಿಕೊಂಡು ಕಪ್ಪು ಬಾಯಿಯೊಳಗೆ ಇಳಿಯುವ ಚಿತ್ರವನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ವೇಣುಗೋಪಾಲ್ ಮನೆಯ ಟೀವಿ ಆರಿಸಿದ್ದ. ಆದರೆ ಗೋಡೆಯಾಚೆ ಸುವರ್ಣಮ್ಮನ ಮನೆಯ ಟೀವಿಯನ್ನು ಆರಿಸುವವರು ಯಾರು? "ಯುಗಾಂತಮಾ? ಈ ರೋಜೇ ಯುಗಾಂತಮಾ?" ಇವತ್ತೇ ಲೋಕ ಮುಗಿಯುವುದೇ ಎಂದು ಅದು ಗೋಡೆಯೊಳಗಿಂದಲೇ ಕೇಳುತ್ತಿತ್ತು.

ಮೃಗದ ಮಾತು ಭಾನುವಾರದ್ದು. ಯಶೋದಾ ಕಲ್ಯಾಣದುರ್ಗದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಾ ಅಂಚೆಯ ಮೂಲಕ ಚರಿತ್ರೆಯಲ್ಲಿ ಎಂ.ಎ. ಓದುತ್ತಿದ್ದಳು. ಮಕ್ಕಳ ಮುಖ ನೋಡಿ ಮಾತಾಡಲು ನಾಚಿಕೆಯಾಗಿ ಅರ್ಧ ಪಾಠವನ್ನು ಕಪ್ಪುಹಲಗೆಗೇ ಹೇಳುವವಳು. ಅವಳ ದನಿ ಬಿಡಿಸಿಕೊಂಡು ಬರುತ್ತಿದ್ದುದು ಅತ್ತಿಗೆಯ ಮುಂದೆ ಮಾತ್ರ. ಭಾನುವಾರ ಮನೆಗೆ ಬಂದಾಗ ಶೋಭಾರಾಣಿ ರಾಟೆ ಮುಂದೆ ಕೂತು ಕಂಡಿಕೆಗೆ ರೇಷ್ಮೆ ಸುತ್ತುವಳು, ಇವಳು ಪಕ್ಕದಲ್ಲಿ ಕೂತು ತನ್ನ ಪಾಠವನ್ನು ಕನ್ನಡ ಮಾಡಿ ಹೇಳುವಳು. ಈ ಭಾನುವಾರ ಸರದಿಗೆ ಬಂದದ್ದು ಲೋಕಾಂತ್ಯದ ಕನಸುಗಳನ್ನು ಬರೆದಿಟ್ಟ ಯೆಹೂದಿಗಳ ಪ್ರಾಚೀನ ದರ್ಶನ ಸಾಹಿತ್ಯ. ಒಬ್ಬ ಮುದುಕ ಕನಸು ಕಾಣುತ್ತಾನೆ. ಸಮುದ್ರದಿಂದ ಒಂದಾದ ಮೇಲೊಂದು ಮೃಗ ಏಳುತ್ತದೆ. ನಾಲ್ಕನೆಯದಕ್ಕೆ ಕಬ್ಬಿಣದ ಹಲ್ಲು. ಸಿಕ್ಕಿದ್ದನ್ನೆಲ್ಲ ಅಗಿದು, ಉಳಿದದ್ದನ್ನು ಕಾಲಲ್ಲಿ ತುಳಿಯುತ್ತದೆ. ರಾಟೆ ನಿಂತಿತ್ತು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. "ಮಿಕ್ಕಿದ್ದು ಬರೋ ವಾರ ಅತ್ತಿಗೆ" ಎಂದು ಯಶೋದಾ ಎದ್ದುಬಿಟ್ಟಿದ್ದಳು.

ಈಗ ಅವಳು ಚೀಲವನ್ನು ಕೆಳಗಿಟ್ಟು ಗುಂಡಿಯ ಪಕ್ಕದಲ್ಲಿ ಮೊಣಕಾಲೂರಿ ಕುಳಿತಳು.

"ಅತ್ತಿಗೆ, ನಾನು ಅವತ್ತು ಅರ್ಧ ಮಾತ್ರ ಹೇಳಿದ್ದು. ಆ ಮೃಗ ಇನ್ನು ಬರೋದಲ್ಲ. ಬಂದು ಹೋಗಿದ್ದು. ಎರಡು ಸಾವಿರ ವರ್ಷದ ಹಿಂದೇನೇ."

ಶೋಭಾರಾಣಿ ಹೊಟ್ಟೆಯನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡಳು.

"ಅದು ಮೃಗ ಅಲ್ಲ, ರಾಜ. ಗ್ರೀಕರೋನು. ಯೆಹೂದಿಗಳ ಗುಡಿಯೊಳಕ್ಕೆ ನುಗ್ಗಿ ತನ್ನ ದೇವರನ್ನ ಕೂರಿಸ್ದ. ಅವರ ಹಬ್ಬ ಮಾಡೋ ಹಂಗಿಲ್ಲ, ಅವರ ಶಾಸ್ತ್ರ ಮನೇಲಿಟ್ಕೊಳ್ಳೋ ಹಂಗಿಲ್ಲ. ಸಿಕ್ಕಿದ್ರೆ ಕೊಲ್ಲೋರು. ಅವನ ಹೆಸರು ಹೇಳಿ ಬೈಯೋಕೂ ಆಗ್ತಿರಲಿಲ್ಲ, ಅದಕ್ಕೇ ಮೃಗ ಅಂತ ಬರೆದ್ರು. ತಮ್ಮ ಹೆಸರು ಹಾಕ್ಕೊಳ್ಳೋಕೂ ಭಯ. ತಮಗಿಂತ ನಾಲ್ಕು ನೂರು ವರ್ಷದ ಹಿಂದೆ ಇದ್ದ ಯಾರೋ ದೊಡ್ಡೋರಿಗೆ ಬಿದ್ದ ಕನಸು ಅಂತ ಬರೆದ್ರು."

"ಅಂದ್ರೆ ಸುಳ್ಳಾ?"

ಯಶೋದಾ ತಡವರಿಸಿದಳು. ಸುಳ್ಳು ಎಂದು ಅವಳ ಪಾಠದಲ್ಲಿ ಎಲ್ಲೂ ಇರಲಿಲ್ಲ. "ಹೆದರಿದೋರು ಹೆದರಿದೋರಿಗೆ ಹೇಳಿದ್ದು, ಅತ್ತಿಗೆ. ಇನ್ನು ಸ್ವಲ್ಪ ದಿನ ತಡ್ಕೊಳ್ಳಿ, ಮುಗೀತದೆ ಅಂತ."

"ಮುಗೀತಾ?"

"ಇಂಥ ದಿನ ಅಂತ ಲೆಕ್ಕ ಬರೆದ್ರು. ಆ ದಿನ ಬಂತು, ಹೋಯ್ತು. ಆಮೇಲೆ ಅದರ ಪಕ್ಕದಲ್ಲೇ ಇನ್ನೊಂದು ಲೆಕ್ಕ ಬರೆದ್ರು, ಇನ್ನೂ ಒಂದೂವರೆ ತಿಂಗಳು ಅಂತ."

"ಅದೂ ಹೋಯ್ತಾ?"

"ಅದೂ ಹೋಯ್ತು. ರಾಜನೂ ಸತ್ತ. ಜನ ಇದ್ರು."

ರಾಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಇದು ನಮ್ಮ ಸೂಲಗಿತ್ತಿ ಪೆದ್ದಕ್ಕನ ಕತೆ ಆಯ್ತಲ್ಲೇ. ಈ ಯಶೋದಾ ಹುಟ್ಟಾವಾಗ 'ಇನ್ನೊಂದೇ ನೋವು ಕಣಮ್ಮ, ಇನ್ನೊಂದೇ' ಅಂತ ಹೇಳಿ ಹೇಳಿ ಬೆಳಗು ಮಾಡ್ಬುಟ್ಲು ಮುಂಡೇದು. ಕೊನೇಗೆ ಅವಳ ಕೈ ಕಚ್ಚಿದ್ದೆ ನಾನು."

ಯಶೋದಾ ನಕ್ಕಳು. ಶೋಭಾರಾಣಿಯ ತುಟಿಯೂ ಒಂದು ಕ್ಷಣ ಸಡಿಲಾಯಿತು. ಆಟೋದವನಿಗೆ ಸನ್ನೆ ಮಾಡಲು ವೇಣುಗೋಪಾಲ್ ಬಾಗಿಲ ಕಡೆ ತಿರುಗಿದ. ಆದರೆ ಶೋಭಾರಾಣಿಯ ಕಣ್ಣು ಎದುರಿಗಿದ್ದ ಮಗ್ಗದ ಮೇಲೆ ನಿಂತಿತು, ತುಟಿ ಮತ್ತೆ ಬಿಗಿಯಿತು.

"ಹಂಗಾದ್ರೆ ಮಾವ ಯಾಕೆ ಹಾಸು ಕೆಚ್ಚಿಲ್ಲ?"

ಯಶೋದಾ ಆಗಷ್ಟೇ ಮಗ್ಗವನ್ನು ಸರಿಯಾಗಿ ನೋಡಿದಳು. ಅದರಲ್ಲಿ ಬಟ್ಟೆ ಇರಲಿಲ್ಲ. ಎಳೆಗಳನ್ನು ಬಾಚಣಿಗೆಯಂತೆ ಬಿಡಿಸಿ ಹಿಡಿಯುವ ಅಚ್ಚಿನ ಉಕ್ಕಿನ ಹಲ್ಲುಗಳು ಬೆಳಕಿಗೆ ಬರಿದಾಗಿ ಹೊಳೆಯುತ್ತಿದ್ದವು. ಅವುಗಳ ಸಂದಿಯಿಂದ ಮುಗಿದ ಹಾಸಿನ, ಎಂದರೆ ಸೀರೆಯ ಉದ್ದೆಳೆಗಳ, ಗಿಡ್ಡ ತುದಿಗಳು ಜೋತಾಡುತ್ತಿದ್ದವು. ಹೊಸ ಹಾಸು ಸುತ್ತಿಟ್ಟಂತೆಯೇ ಗೋಡೆಗೆ ಒರಗಿತ್ತು.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಸೀರೆ ಕೊಯ್ದು ಇಳಿಸಿದ ದಿನವೇ, ದೀಪ ಹಚ್ಚುವ ಮುಂಚೆ, ಹಳೆಯ ತುದಿಗೆ ಹೊಸ ಎಳೆಯನ್ನು ಬೂದಿ ಬೆರಳಲ್ಲಿ ಹೊಸೆದು ಕೆಚ್ಚಲು ಶುರು ಮಾಡಬೇಕು. ನಾಲ್ಕು ಎಳೆಯಾದರೂ ಸರಿ. ಹಾಸಿಲ್ಲದ ಮಗ್ಗ ಮನೆಯೊಳಗೆ ಬಾಯಿ ತೆರೆದುಕೊಂಡು ರಾತ್ರಿ ಕಳೆಯಬಾರದು. ತನ್ನ ತಾಯಿಯನ್ನು ಸುಟ್ಟು ಬಂದ ದಿನವೂ ಯಶೋದಾಳ ಅಪ್ಪ ಕೇಶವಯ್ಯ ಒದ್ದೆ ಪಂಚೆಯಲ್ಲೇ ಕೂತು ಕೆಚ್ಚಿದ್ದ.

"ಸೋಮವಾರ ಸೀರೆ ಕೊಯ್ದ್ರು. ಸುಮ್ನೆ ಎದ್ದು ಹೋಗಿ ಜಗಲಿ ಮೇಲೆ ಕೂತ್ರು" ಎಂದಳು ಶೋಭಾರಾಣಿ. ದನಿ ಬಹಳ ಸಣ್ಣದಾಗಿತ್ತು. "ಟೀವಿಯೋರು ಸುಳ್ಳು ಹೇಳ್ಬೋದು. ನೀನು ಓದಿದ್ದು ಹಳೇದಿರ್ಬೋದು. ಮಾವ ಗೊತ್ತಿಲ್ದೆ ಬಿಡ್ತಾರಾ, ಯಶೋದಾ?"

ಯಶೋದಾ ಎದ್ದು ಹೊರಗೆ ಬಂದಳು. ಅಪ್ಪ ಜಗಲಿಯ ಕಂಬಕ್ಕೆ ಒರಗಿ ಬೀದಿ ನೋಡುತ್ತಿದ್ದ. ಎಂದಿನಂತಾಗಿದ್ದರೆ ಈ ಹೊತ್ತಿಗೆ ಬೀದಿಯ ಎರಡೂ ಸಾಲಿನಲ್ಲಿ ಮಗ್ಗಗಳ ಸದ್ದಿರುತ್ತಿತ್ತು. ಇವತ್ತು ಎಲ್ಲ ಮನೆಗಳ ಟೀವಿ ಮಾತ್ರ. ಅಪ್ಪನ ಮುಂದೆ ಅವಳು ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದವಳಲ್ಲ.

"ಅಪ್ಪ, ಹಾಸು ಕೆಚ್ಚಪ್ಪ."

"ನಾಳೆ ನೋಡಾಣ."

"ನಾಳೆ ಯಾಕೆ?"

ಕೇಶವಯ್ಯ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದ. "ಕೆಚ್ಚಿದ ಹಾಸು ನಡುವಲ್ಲಿ ನಿಂತೋದ್ರೆ ಮನೆಗೆ ಒಳ್ಳೇದಲ್ಲ ಕಣಮ್ಮ. ಬಸುರಿ ಹೆಂಗಸು ಮನೇಲಿ ಇರಾವಾಗ... ಇವತ್ತೊಂದಿನ ಕಳೀಲಿ ಅಂತ."

"ನೀನೂ ನಂಬಿದ್ಯಾ?"

"ನಂಬಿಲ್ಲ."

"ಮತ್ತೆ?"

ಅವನು ಟವೆಲನ್ನು ಇನ್ನೊಮ್ಮೆ ಮಡಿಸಿದ. ಟವೆಲಿನ ಮೇಲಿದ್ದ ಬೆರಳುಗಳು ಅದುರುತ್ತಿದ್ದುದನ್ನು ಯಶೋದಾ ನೋಡಿದಳು. ಕೂದಲಿನಷ್ಟು ಸಣ್ಣ ರೇಷ್ಮೆ ಎಳೆಯನ್ನು ನೋಡದೆಯೇ ಹೊಸೆಯುವ ಬೆರಳುಗಳು. ಟೀವಿಯ ಕಪ್ಪು ಬಾಯಿ ನೋಡಿ ಆಗದಷ್ಟು ಭಯ ಅವಳಿಗೆ ಆಗ ಆಯಿತು. ಓಡಿ ಒಳಗೆ ಹೋಗಿ ಅಮ್ಮನ ಸೆರಗಿನಲ್ಲಿ ಮುಖ ಇಡಬೇಕೆನಿಸಿತು.

"ಅತ್ತಿಗೆ ಟೀವಿ ನೋಡಿ ಕೂತಿಲ್ಲಪ್ಪ" ಎಂದಳು. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ನಿನ್ನ ನೋಡಿ ಕೂತವ್ಳೆ."

ಕೇಶವಯ್ಯ ಮಗಳ ಮುಖ ನೋಡಿದ. ಆಮೇಲೆ ಎದ್ದು ಹಿತ್ತಲಿಗೆ ಹೋದ. ಕೈಕಾಲು ತೊಳೆಯುವ ಸದ್ದು ಕೇಳಿತು. ಹಿಂತಿರುಗುವಾಗ ಅವನ ಕೈಯಲ್ಲಿ ಬೂದಿಯ ಚಿಪ್ಪಿತ್ತು. ಹೊಸ ಹಾಸನ್ನು ಎತ್ತಿ ತಂದು ಬಿಗಿದು, ಅಚ್ಚಿನ ಆಚೆ ಬದಿಗೆ ಕೂತ. ಇದು ಒಬ್ಬರ ಕೆಲಸವಲ್ಲ. ಈಚೆಯಿಂದ ಒಬ್ಬರು ಹಳೆಯ ತುದಿಯನ್ನು ಆರಿಸಿ ಹಿಡಿದು ಕೊಡಬೇಕು, ಆಚೆಯಿಂದ ಒಬ್ಬರು ಹೊಸೆಯಬೇಕು. ಮದುವೆಯಾಗಿ ಬಂದಾಗಿನಿಂದ ಈಚೆ ಬದಿ ಶೋಭಾರಾಣಿಯದು.

"ತುದಿ ಕೊಡಮ್ಮ" ಎಂದ.

ಅವಳು ನೋಡುತ್ತಲೇ ಇದ್ದಳು.

"ಕೈ ನಡುಗ್ತವೆ ಕಣಮ್ಮ. ನೀನು ಸರಿಯಾಗಿ ಹಿಡಿದ್ರೆ ಆಯ್ತದೆ."

ಶೋಭಾರಾಣಿ ಹೊಟ್ಟೆಯಿಂದ ಒಂದು ಕೈ ತೆಗೆದಳು. ಅಂಚಿನ ಮೊದಲ ತುದಿಯನ್ನು ಬೆರಳಲ್ಲಿ ಬಿಡಿಸಿ ಹಲ್ಲುಗಳ ಸಂದಿಯಿಂದ ಆಚೆಗೆ ನೀಡಿದಳು. ಕೇಶವಯ್ಯ ಬೂದಿ ಮುಟ್ಟಿ ಹೊಸೆದ. ಎಳೆ ಜಾರಿತು. ಮತ್ತೆ ಹೊಸೆದ. ಈ ಸಲ ನಿಂತಿತು. ಎರಡನೆಯ ತುದಿ. ಮೂರನೆಯದು. ಗೋಡೆಯಾಚೆಯ ದನಿ ಇನ್ನೆಷ್ಟು ಗಂಟೆ ಉಳಿದಿದೆ ಎಂದು ಕೂಗುತ್ತಿತ್ತು. ಬೀದಿಯಿಂದ ಓಬುಳೇಶ್ ಇಣುಕಿದ.

"ಅಣ್ಣಾ, ಪ್ರಳಯಕ್ಕೆ ಮುಂಚೆ ಬತ್ತೀರೋ, ಆದ್ಮೇಲೆ ಬತ್ತೀರೋ? ಒಂದು ಮಾತು ಹೇಳ್ಬುಡಿ, ಟೀ ಆದ್ರೂ ಕುಡ್ದು ಬತ್ತೀನಿ."

"ಸುಮ್ನಿರಲೋ" ಎಂದ ವೇಣುಗೋಪಾಲ್.

ಒಂದು ಬೆರಳಗಲ ಹಾಸು ಕೂಡಿಕೊಂಡಿತ್ತು. ಶೋಭಾರಾಣಿ ಮುಂದಿನ ತುದಿಯನ್ನು ಹಿಡಿದು, ಕೊಡದೆ ಕೇಳಿದಳು. "ಇದನ್ನ ಪೂರ್ತಿ ನೇಯ್ತೀರಾ ಮಾವ?"

"ಕೆಚ್ಚಿದ ಮೇಲೆ ನೇಯ್ದೆ ಬಿಡಾಕಾಯ್ತದಾ?"

ಅವಳು ಉಸಿರೆಳೆದುಕೊಂಡಳು. ಮುಖ ಕಿವುಚಿತು, ಅದು ಭಯವೋ ನೋವೋ ಯಶೋದಾಗೆ ತಿಳಿಯಲಿಲ್ಲ. "ಯಶೋದಾ, ಇಳಿ ಇಲ್ಲಿ. ಈ ತುದಿ ಹಿಡ್ಕೋ. ನಾನು ಬರೋಗಂಟ ಬಿಡಬ್ಯಾಡ" ಎಂದಳು. ಎಳೆಯನ್ನು ನಾದಿನಿಯ ಬೆರಳಿಗೆ ದಾಟಿಸಿ, ಗಂಡನ ಕಡೆ ಕೈ ಚಾಚಿದಳು. "ಎತ್ರೀ ನನ್ನ."

ಆಟೋದ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ರಾಮಕ್ಕನೂ ಅವರ ಜೊತೆ ಹೋದಳು.

ಅಪ್ಪ ಮಗಳು ಒಂದೊಂದೇ ಎಳೆ ಕೂಡಿಸುತ್ತಾ ಹೋದರು. ಗುಂಡಿಯ ತಂಪು ಯಶೋದಾಳ ಪಾದದಿಂದ ಮೊಣಕಾಲಿಗೆ ಏರುತ್ತಿತ್ತು. ಅವಳಿಗೆ ಆ ರಾಜನ ಹೆಸರು ಗೊತ್ತಿತ್ತು, ಅವನು ಆಳಿದ ಕಾಲ ಗೊತ್ತಿತ್ತು, ಅಷ್ಟು ದೂರದ ಯಂತ್ರ ತಮ್ಮನ್ನೇನೂ ಮಾಡದೆಂದೂ ಗೊತ್ತಿತ್ತು. ಆದರೂ ಅಂಗಾಲಿನ ಕೆಳಗೆ ಮಣ್ಣು ಅಲ್ಲಾಡಿತೇ ಎಂದು ಪ್ರತಿ ಎಳೆಗೂ ಕಾಲು ಒತ್ತಿ ನೋಡುತ್ತಿದ್ದಳು. ಆಸ್ಪತ್ರೆಯಿಂದ ಫೋನು ಬಂದಿರಲಿಲ್ಲ. ಮಧ್ಯಾಹ್ನವಾಯಿತು. ಗೋಡೆಯಾಚೆ ಸೆಕೆಂಡುಗಳನ್ನು ಎಣಿಸತೊಡಗಿದರು.

ಫ್ಯಾನು ನಿಂತಿತು. ಗೋಡೆಯಾಚೆಯ ದನಿ ಮಾತಿನ ನಡುವೆಯೇ ಕತ್ತರಿಸಿಹೋಯಿತು. ಎಲ್ಲ ಮನೆಗಳ ದನಿಗಳೂ ಒಟ್ಟಿಗೆ ಹೋದವು. ಬೀದಿಯಲ್ಲಿ ಒಂದು ನಾಯಿಯೂ ಬೊಗಳಲಿಲ್ಲ. ಯಶೋದಾ ಕಣ್ಣು ಮುಚ್ಚಿದಳು. ಆಚೆ ಬದಿಯಲ್ಲಿ ಅಪ್ಪ ಉಸಿರು ಬಿಗಿಹಿಡಿದದ್ದು ಅವಳಿಗೆ ತಿಳಿಯಿತು. ಬೆರಳುಗಳ ನಡುವಿನ ಎಳೆಯನ್ನು ಬಿಟ್ಟರೆ ಜಗತ್ತಿನಲ್ಲಿ ಮುಟ್ಟಲು ಬೇರೇನೂ ಉಳಿದಿಲ್ಲವೆನಿಸಿತು.

"ಥೂ, ಕರೆಂಟ್ ಹೋಯ್ತು ಕಣ್ರೇ!" ಗೋಡೆಯಾಚೆಯಿಂದ ಸುವರ್ಣಮ್ಮ ಕೂಗಿದಳು. "ಪ್ರಳಯ ನೋಡಾಕೂ ಬಿಡಾಕಿಲ್ಲ ಈ ಹಾಳಾದೋರು!"

ಯಾರೋ ನಕ್ಕರು. ಯಾವುದೋ ಮಗು ಅಳತೊಡಗಿತು. ಕೇಶವಯ್ಯ ಅಂಗೈಯ ಬೆವರನ್ನು ಟವೆಲಿಗೆ ಒರೆಸಿ ಮತ್ತೆ ಬೂದಿ ಮುಟ್ಟಿದ.

"ತುದಿ ಕೊಡಮ್ಮ."

ಅವಳು ಕೊಟ್ಟಳು. ಅವನು ಅದನ್ನು ಹೊಸೆಯುತ್ತಿದ್ದಾಗಲೇ ಗೂಡಿನಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಇಬ್ಬರೂ ಅದನ್ನೇ ನೋಡಿದರು. ಅಪ್ಪನ ಬೆರಳು ಹೊಸೆಯುವುದನ್ನು ನಿಲ್ಲಿಸಲಿಲ್ಲ. ಯಶೋದಾ ಮುಂದಿನ ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಗುಂಡಿಯಿಂದ ಏಳದೆ, ಬೂದಿ ಮೆತ್ತಿದ ಬಲಗೈಯನ್ನು ಗೂಡಿನ ಕಡೆಗೆ ಚಾಚಿದಳು.