ನಾಲಿಗೆಗೆ ಅಂಟಿದ ಮೂಳೆ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಬ್ಲೀಚಕ್ಕ ಎನ್ನುತ್ತಿದ್ದರು. ಮೇಜು, ಬಾಗಿಲ ಹಿಡಿ, ಡ್ರಿಲ್ಲು, ಕೊನೆಗೆ ತನ್ನ ಕೈಗವಸನ್ನೂ ಬ್ಲೀಚಿನಲ್ಲಿ ಒರೆಸದೆ ಅವಳು ಒಂದು ಮೂಳೆಯನ್ನೂ ಮುಟ್ಟುತ್ತಿರಲಿಲ್ಲ. ಸಾವಿರಾರು ವರ್ಷ ಗವಿಯ ಮಣ್ಣಿನಲ್ಲಿದ್ದ ಮೂಳೆಯಲ್ಲಿ ಡಿಎನ್‌ಎ ಉಳಿದಿದ್ದರೆ ಅದು ಜೊಳ್ಳಿನ ರಾಶಿಯಲ್ಲಿ ನಾಲ್ಕು ಕಾಳು ಇದ್ದಂತೆ. ಈಗಿನವರ ಒಂದು ಸೀನು ಬಿದ್ದರೂ ಸಾಕು, ಆ ಕಾಳು ಮುಚ್ಚಿಹೋಗುತ್ತದೆ. ಅದಕ್ಕೇ ಅಲ್ಲಿನ ಕೆಲಸಗಾರರೆಲ್ಲರ ಎಂಜಲಿನ ಡಿಎನ್‌ಎ ಗುರುತು ಕಂಪ್ಯೂಟರಿನಲ್ಲಿತ್ತು. ಮೂಳೆಯ ಮೇಲೆ ಕೊಳೆ ಕಂಡರೆ ಯಾರದೆಂದು ಹಿಡಿಯಬಹುದಿತ್ತು.

ಅವಳ ಅಚ್ಚುಕಟ್ಟುತನವನ್ನು ನಿರ್ದೇಶಕರು ನಾಲ್ಕು ಜನರ ಮುಂದೆ ಹೊಗಳುತ್ತಿದ್ದರು. ಆಗೆಲ್ಲ ಅವಳು ತಲೆ ತಗ್ಗಿಸುತ್ತಿದ್ದಳು. ನಾಚಿಕೆಗಲ್ಲ, ತನ್ನ ಕಣ್ಣು ಅವರಿಗೆ ಕಾಣಬಾರದೆಂದು.

ಆ ಮನುಷ್ಯ ಇರುವಲ್ಲಿಗೇ ಅವಳು ಕೆಲಸ ಹುಡುಕಿಕೊಂಡು ಬಂದಿದ್ದಳು. ಅವಳಿನ್ನೂ ಶಾಲೆಗೆ ಹೋಗುತ್ತಿದ್ದಾಗ ಅವಳ ಅಣ್ಣ ಅವರ ಕೈಕೆಳಗೆ ಗವಿ ಅಗೆಯುವ ವಿದ್ಯಾರ್ಥಿಯಾಗಿದ್ದ. ಒಂದು ಮಧ್ಯಾಹ್ನ ಅವನಿಗೆ ಹೆಬ್ಬೆರಳಷ್ಟು ದಪ್ಪದ ದವಡೆಯ ತುಂಡೊಂದು ಸಿಕ್ಕಿತು. ಕಲ್ಲೋ ಮೂಳೆಯೋ ಎಂದು ನೋಡಲು ಅಗೆಯುವವರು ಮಾಡುವುದನ್ನೇ ಅವನೂ ಮಾಡಿದ, ನಾಲಿಗೆಗೆ ಒತ್ತಿದ. ಕಲ್ಲಾದರೆ ಜಾರುತ್ತದೆ, ಹಳೆಯ ಮೂಳೆಯಾದರೆ ಅಂಟಿಕೊಳ್ಳುತ್ತದೆ. ಅಂಟಿತು. ಒಯ್ದು ಅವರ ಕೈಗೆ ಕೊಟ್ಟ. ಮರುದಿನ ಬೆಳಿಗ್ಗೆ ಡೇರೆಯಲ್ಲಿ ಮೂಳೆ ಇರಲಿಲ್ಲ.

"ಇವನೇ ಮಾರ್ಕೊಂಡಿದಾನೆ," ಎಂದರು ಅವರು, ಅಗೆಯುವವರೆಲ್ಲರ ಎದುರು ಅಣ್ಣನ ಚೀಲವನ್ನು ನೆಲಕ್ಕೆ ಸುರಿದು.

ಅಣ್ಣ ಊರಿಗೆ ಮರಳಿ ಈರುಳ್ಳಿ ಬೆಳೆಯತೊಡಗಿದ. ಸುದ್ದಿ ಅವನಿಗಿಂತ ಮೊದಲೇ ಊರು ಸೇರಿತ್ತು. ಯಾರ ಹೊಲದಲ್ಲಿ ಕುಡುಗೋಲು ಕಾಣದಿದ್ದರೂ, "ಮೂಳೆಕಳ್ಳನ ಚೀಲ ನೋಡ್ರೋ," ಎಂದು ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ತಂಗಿ ನಗಲಿಲ್ಲ. ಓದಿದಳು. ಕಾದಳು.

ಈಗ ನಿರ್ದೇಶಕರು ತಾವೇ ಒಂದು ಡಬ್ಬಿ ತಂದು ಅವಳ ಮೇಜಿನ ಮೇಲಿಟ್ಟರು. ಒಳಗೆ ದವಡೆಯ ತುಂಡು.

"ಹೊಸ ಗವಿ. ನಾನೇ ಅಗೆದದ್ದು, ಗವಸು ಹಾಕ್ಕೊಂಡು ನಾನೇ ಎತ್ತಿಟ್ಟದ್ದು. ಇನ್ನೊಬ್ಬರ ಉಸಿರೂ ತಾಗಿಲ್ಲ ಕಣಮ್ಮ."

ದವಡೆಯ ತುಂಡುಗಳು ಲೋಕದಲ್ಲಿ ಎಷ್ಟೋ ಇರುತ್ತವೆ ಎಂದು ತನಗೇ ಹೇಳಿಕೊಂಡಳು. ಆದರೂ ಆ ದಿನ, ಮೇಲಿನ ಕೊಳೆ ಅಳಿಸಲು ಎಂದೂ ಮಾಡುವಂತೆ, ಮೂಳೆಗೆ ಮೊದಲು ಬ್ಲೀಚು ತಾಗಿಸಲಿಲ್ಲ. ಚೊಕ್ಕ ನೀರಿನಲ್ಲಿ ಅದ್ದಿದ ಹತ್ತಿಯಿಂದ ಅದರ ಮೈಯನ್ನು ಮೆಲ್ಲಗೆ ಒರೆಸಿ, ಆ ಹತ್ತಿಯನ್ನು ಬೇರೆಯಾಗಿಟ್ಟಳು. ಆಮೇಲೆ ಮೂಳೆಯನ್ನು ತೊಳೆದು, ಒಳಗಿನಿಂದ ಚಿಟಿಕೆ ಪುಡಿ ಕೊರೆದಳು. ಎರಡನ್ನೂ ಪರೀಕ್ಷೆಗೆ ಹಾಕಿದಳು.

ಪರೀಕ್ಷೆಯ ಫಲಿತಾಂಶವನ್ನು ಕಂಪ್ಯೂಟರಿನಲ್ಲಿ ತಾಳೆ ನೋಡುವ ಲೆಕ್ಕದಾಕೆ ಅವಳ ಗೆಳತಿ. ಒಂದು ಸಂಜೆ ಕುರ್ಚಿ ಎಳೆದುಕೊಂಡು ಬಂದು ಕೂತಳು.

"ಒಳಗಿನ ಪುಡಿ ಬಂಗಾರ ಕಣೇ. ನಮ್ಮ ಪೈಕಿ ಅಲ್ಲ, ನಮ್ಮ ದಾಯಾದಿಗಳು. ಮನುಷ್ಯಕುಲದ್ದೇ ವಂಶ ನಿಂತುಹೋದ ಕವಲು, ಇದುವರೆಗೆ ಯಾರೂ ಕಂಡಿದ್ದಲ್ಲ. ಆದ್ರೆ ಮೇಲೆ ಒರೆಸಿದ ಹತ್ತೀಲಿ ನೀನಿದೀಯ."

"ನಾನಾ?"

"ಪೂರ್ತಿ ಅಲ್ಲ, ಅರ್ಧ. ಅದೂ ಗಂಡಸು! ಯಾವಾಗ್ಲೇ ಮೀಸೆ ಬಂತು ನಿಂಗೆ?" ಎಂದು ನಕ್ಕವಳು, ಇವಳ ಮುಖ ನೋಡಿ ನಗು ನಿಲ್ಲಿಸಿದಳು.

"ನಂಗೊಬ್ಬ ಅಣ್ಣ ಇದಾನೆ," ಎಂದಳು ಬ್ಲೀಚಕ್ಕ. "ಸರ್ ಇದನ್ನ ಎಲ್ಲರಿಗೂ ಸಾರೋ ಸಭೆವರೆಗೆ ಹತ್ತಿ ವಿಷಯ ಬಾಯಿ ಬಿಡಬೇಡ."

ಆ ವಾರವೇ ಊರಿಗೆ ಹೋದಳು. ಅಣ್ಣ ಪಂಪಿನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಎಂಜಲು ಹಿಡಿಯುವ ಪುಟ್ಟ ನಳಿಗೆಯನ್ನು ಕೈಗಿಟ್ಟು ಎಲ್ಲವನ್ನೂ ಹೇಳಿದಳು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಬಿಡೇ ಮಾರಾಯ್ತಿ. ಹೋದ ನೀರಿಗೆ ಒಡ್ಡು ಕಟ್ತಾರಾ? ಅವರು ದೊಡ್ಡವರು."

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗು ಬಿಗಿದುಕೊಂಡಳು. "ಅವರ ಮುಖಕ್ಕೆ ಉಗಿಯೋದಂತೂ ನಿಮ್ಮ ಕೈಲಾಗ್ಲಿಲ್ಲ. ಈ ನಳಿಗೆಗಾದ್ರೂ ಉಗೀರಿ. ನೀವು ಉಗೀದಿದ್ರೆ ನಾನು ಉಗೀತೀನಿ."

"ನಿಂದು ನಡೆಯಲ್ಲ ಅತ್ತಿಗೆ."

"ಹಂಗಾದ್ರೆ ಇವರ ಬಾಯಿ ನಾನು ಹಿಡ್ಕೋತೀನಿ!"

ಅಣ್ಣ ಉಗಿದ.

ಸಭೆಯ ದಿನ ನಿರ್ದೇಶಕರು ಹೊಸ ಕವಲಿನ ಸುದ್ದಿ ಹೇಳಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಇಳಿದ ಮೇಲೆ ಲೆಕ್ಕದಾಕೆ, ಮೂಳೆಯ ಮೇಲೆ ಈಗಿನ ಮನುಷ್ಯನೊಬ್ಬನ ಎಂಜಲು ಸಿಕ್ಕಿದೆ ಎಂದಳು. ಅದು ಬ್ಲೀಚಕ್ಕನ ಗುರುತಿಗೆ ಹತ್ತಿರವಿದೆ ಎಂದೂ ಹೇಳಿದಳು.

"ಬ್ಲೀಚಕ್ಕನ ಕೈಯಲ್ಲೂ ಕೊಳೆಯಾ?" ನಿರ್ದೇಶಕರು ನಕ್ಕರು, ಸಭೆಯೂ ನಕ್ಕಿತು. ನಗು ಮುಗಿಯುತ್ತಲೇ ಅವರ ದನಿ ಬಿಗಿಯಾಯಿತು. "ಯಾರ ಎಂಜಲು ಅಂತ ಹುಡುಕಿ. ಯಾರೇ ಆಗಿರ್ಲಿ, ಇಲ್ಲೇ, ಎಲ್ಲರ ಮುಂದೆ ಹೇಳಿ."

ಅವಳು ಎದ್ದು ನಿಂತಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ಕಣ್ಣಿಗೆ ಕಣ್ಣಿಟ್ಟಳು.

"ನಿಮಗಿಂತ ಮೊದಲು ಯಾರೂ ಮುಟ್ಟಿಲ್ಲ ಅಲ್ವಾ ಸರ್?"

"ಎಷ್ಟು ಸಲ ಹೇಳ್ಬೇಕು? ಮಣ್ಣಿಂದ ಎತ್ತಿದ್ದು ನಾನು."

"ಈ ಎಂಜಲು ನನ್ನ ಒಡಹುಟ್ಟಿದ ಅಣ್ಣಂದು. ಅವನ ಮಾದರಿ ತಂದು ತಾಳೆ ನೋಡಿದೀವಿ, ಕೂದಲೆಳೆ ವ್ಯತ್ಯಾಸ ಇಲ್ಲ. ಅವನು ನಿಮ್ಮ ಹೊಸ ಗವಿ ಕಂಡಿಲ್ಲ. ಹಳೇ ಗವೀಲಿ ಇದನ್ನ ನಾಲಿಗೆಗೆ ಒತ್ತಿ ನಿಮ್ಮ ಕೈಗೆ ಕೊಟ್ಟೋನು. ನೀವು ಚೀಲ ಸುರಿದು ಓಡಿಸಿದ್ರಲ್ಲ, ಅವನು."

ಹಳೆಯ ಗವಿ ಆಗ ಬೇರೊಬ್ಬ ಹಿರಿಯರ ಸುಪರ್ದಿಯಲ್ಲಿತ್ತು, ಅಲ್ಲಿ ಸಿಕ್ಕಿದ್ದೆಲ್ಲ ಆ ಹಿರಿಯರ ಹೆಸರಿಗೆ ಸೇರುತ್ತಿತ್ತು ಎಂಬುದು ಸಭೆಯಲ್ಲಿದ್ದ ಹಳಬರಿಗೆಲ್ಲ ಗೊತ್ತಿತ್ತು. ಆ ಮೂಳೆ ಅಂದು ಯಾಕೆ ಮಾಯವಾಯಿತೆಂದು ಈಗ ಅವರಿಗೆ ತಿಳಿಯಿತು. ಬೆವರು ನಿರ್ದೇಶಕರ ಕಿವಿಯ ಹಿಂದಿನಿಂದ ಇಳಿದು ಕಾಲರಿನಲ್ಲಿ ಇಂಗುವವರೆಗೂ ಅವಳು ನೋಡುತ್ತಲೇ ನಿಂತಳು. ಹಸಿದವರು ಉಂಡ ಹಾಗೆ ನೋಡಿದಳು.

ಮರುದಿನ ಸಂಸ್ಥೆಯ ಅಧ್ಯಕ್ಷೆ ಅವಳನ್ನು ಕರೆಸಿದರು.

"ವಿಚಾರಣೆ ಅಂತಾದ್ರೆ ಮೂಳೆಗೆ ಮೊಹರು ಬೀಳುತ್ತೆ. ಈ ಕವಲಿನ ಬಗ್ಗೆ ಬರ್ಬೇಕಾದ ಲೇಖನ ನಿಂತುಹೋಗುತ್ತೆ, ಎಷ್ಟು ವರ್ಷವೋ ಹೇಳೋಕಾಗಲ್ಲ. ಅದರ ಬದಲು, ಕಂಡುಹಿಡಿದವರು ಅಂತ ಇಬ್ಬರ ಹೆಸರೂ ಹಾಕೋಣ, ನಿಮ್ಮಣ್ಣನದೂ ಅವರದೂ. ಅವರು ಸದ್ದಿಲ್ಲದೆ ನಿವೃತ್ತಿ ತಗೋತಾರೆ. ಯೋಚನೆ ಮಾಡಿ."

ಅವಳ ನಾಲಿಗೆಯ ತುದಿಗೆ ಬಂದ 'ಆಗಲ್ಲ' ಅಲ್ಲೇ ನಿಂತಿತು. ಸೇಡು ಅವಳದಿರಬಹುದು, ಹೆಸರು ಅಣ್ಣನದು. ಮತ್ತೆ ಬಸ್ಸು ಹತ್ತಿದಳು.

ಅಣ್ಣ ಕಣದಲ್ಲಿ ಕೂತು ಈರುಳ್ಳಿಯ ಬಾಲ ಕೊಯ್ಯುತ್ತಿದ್ದ. ಕೇಳಿಸಿಕೊಂಡು ಕುಡುಗೋಲು ನಿಲ್ಲಿಸಿದ.

"ಎಷ್ಟು ವರ್ಷ ಮಣ್ಣಲ್ಲಿದ್ರಂತೆ ಆ ದಾಯಾದಿಗಳು?"

"ಲಕ್ಷದ ಹತ್ತಿರ."

"ಹಂಗಾದ್ರೆ ಇನ್ನೊಂದು ಹತ್ತು ವರ್ಷ ಕಪಾಟಲ್ಲಿದ್ರೆ ಅವರಿಗೇನೂ ಬೇಜಾರಿಲ್ಲ." ಕೈಯ ಮಣ್ಣು ಕೊಡವಿಕೊಂಡ. "ಅವನ ಪಕ್ಕ ನನ್ನ ಹೆಸರು ಬೇಡ. ವಿಚಾರಣೆ ನಡೀಲಿ. ನಾನೇ ಬಂದು ಅವನ ಎದುರಿಗೆ ಕೂರ್ತೀನಿ. ವಿಚಾರಣೆಯವರು ಒಂದೊಂದೇ ಕೇಳಲಿ, ಒಂದೊಂದಕ್ಕೂ ಅವನು ಉತ್ತರ ಹೇಳ್ಲಿ."

ಇಷ್ಟು ವರ್ಷ 'ಅವರು' ಎನ್ನುತ್ತಿದ್ದವನು. ತಂಗಿ ಅವನನ್ನೇ ನೋಡಿದಳು. ತನ್ನೊಳಗೆ ಮಾತ್ರ ಉರಿಯುತ್ತಿದೆ ಎಂದುಕೊಂಡಿದ್ದಳು.

ಬದುವಿನ ಮೇಲೆ ನಿಂತು ಅಧ್ಯಕ್ಷೆಗೆ ಫೋನು ಮಾಡಿದಳು. "ನಮಗೆ ಒಪ್ಪಿಗೆ ಇಲ್ಲ ಮೇಡಂ. ಮೂಳೆಗೆ ಮೊಹರು ಹಾಕ್ಸಿ."

"ಯೋಚನೆ ಮಾಡಿ ಹೇಳ್ತಿದೀರಾ?"

"ಅಣ್ಣ ಮಾಡಿದಾನೆ."

"ಜೋರಾಗಿ ಹೇಳೇ," ಎಂದಳು ಅತ್ತಿಗೆ, ಹಿಂದಿನಿಂದ. "ಆ ಮೇಡಂ ಪಕ್ಕದ ಕೋಣೇಲೇ ಕೂತಿರ್ತಾನೆ, ಅವನಿಗೂ ಕೇಳಿಸ್ಲಿ."