ಕೆಂಪು ಬಟ್ಟೆ ಕಟ್ಟಿದ ಬಾಗಿಲು

“ಗಂಡ ಸಿಗ್ತಿಲ್ಲ ಅಂತ ನಿನ್ನೆಯಿಂದ ಗೋಳಾಡ್ತಿದ್ದೀಯಲ್ಲೇ ಮುಂಡೆ, ಕುಡಿದು ಯಾವಳ ಮಗ್ಗುಲಲ್ಲೋ ಬಿದ್ದಿರ್ತಾನೆ. ಮೊದ್ಲು ಪರದೆ ತೊಳಿ.”

ಹೋಟೆಲಿನ ಮ್ಯಾನೇಜರ್ ಕೆಸರಾದ ಪರದೆಗಳ ರಾಶಿಯನ್ನು ಬೂಟುಗಾಲಿನಿಂದ ನನ್ನ ಕಡೆ ತಳ್ಳಿದ. ನಾನು ತೊಳೆದೆ. ಬೈಗುಳ ಚುಚ್ಚಲಿಲ್ಲ, ಬದಲಿಗೆ ಅದನ್ನೇ ಹಿಡಿದುಕೊಂಡು ಕೂತೆ. ಯಾವಳ ಮಗ್ಗುಲಲ್ಲಾದರೂ ಇರಲಿ ದೇವರೇ, ಬದುಕಿದ್ದರೆ ಸಾಕು ಎಂದು ಬೇಡಿಕೊಂಡೆ.

ನನ್ನ ಗಂಡ ಇದೇ ಹೋಟೆಲಿನ ರಾತ್ರಿ ಕಾವಲುಗಾರ. ರಾತ್ರಿಯೆಲ್ಲ ಅತಿಥಿಗಳ ನಿದ್ದೆ ಕಾದು ಹಗಲು ತಾನು ಮಲಗುತ್ತಿದ್ದ. ನಿನ್ನ ಗೊರಕೆಗೆ ಒಂದಿನ ಗುಡ್ಡವೇ ಜಾರುತ್ತೆ ಎಂದು ನಮ್ಮ ಕೆಲಸದವರ ಸಾಲುಮನೆಯವರೆಲ್ಲ ಅವನನ್ನು ಕಾಡಿಸುತ್ತಿದ್ದರು. ನಿನ್ನೆ ಮಧ್ಯಾಹ್ನ ಗುಡ್ಡ ಜಾರಿತು. ಅವನ ಗೊರಕೆಗಲ್ಲ. ಈಜುಕೊಳ ಕಟ್ಟಲೆಂದು ಹೋಟೆಲಿನವರು ಗುಡ್ಡವನ್ನು ನಡುವಿಗೇ ಕಡಿದಿದ್ದರು, ಮಳೆಯೂ ಬಿಟ್ಟಿರಲಿಲ್ಲ. ಕೆಳಗಿದ್ದ ನಮ್ಮ ಸಾಲುಮನೆ ಪೂರ್ತಿ ಮಣ್ಣಿನಡಿ ಹೋಯಿತು.

ನಾವು ಕೆಲಸಕ್ಕೆ ಬಂದವರು ಉಳಿದೆವು. ಮನೆಯಲ್ಲಿದ್ದ ಮುದುಕರು, ಮಕ್ಕಳು ಸದ್ದು ಕೇಳಿ ಓಡಿ ಬದುಕಿದರು. ಸಿಗದವನು ನನ್ನವನೊಬ್ಬನೇ. ಒಬ್ಬನಿಗಾಗಿ ಯಾರಿಗೂ ಅವಸರವಿರಲಿಲ್ಲ. ನಮ್ಮ ಈ ದ್ವೀಪದಲ್ಲಿದ್ದ ಒಂದೇ ಜೆಸಿಬಿ ದೋಣಿಕಟ್ಟೆಯ ರಸ್ತೆ ಬಿಡಿಸುತ್ತಿತ್ತು. ಸಮುದ್ರದ ಅಬ್ಬರ ತಗ್ಗಿದ ಕೂಡಲೇ ಅತಿಥಿಗಳು ಹೊರಡಬೇಕಂತೆ. ರಸ್ತೆಯ ಮಣ್ಣನ್ನೆಲ್ಲ ಕೆಳಕ್ಕೆ, ನಮ್ಮ ಮನೆಗಳ ಮೇಲೇ ಸುರಿಯುತ್ತಿದ್ದರು. ಅಲ್ಲಿ ಯಾರೂ ಇಲ್ಲ ಎಂದು ಮ್ಯಾನೇಜರ್ ಹೇಳಿಯಾಗಿತ್ತು.

ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಒಗೆಯುವ ಕೋಣೆಗೆ ಬಂದು ಗೋಡೆಗೊರಗಿ ನಿಂತಳು. ನನ್ನ ಮುಖ ನೋಡಲಿಲ್ಲ.

“ಓಡುವಾಗ ನಿನ್ನ ಬಾಗಿಲ ಮುಂದೇನೇ ಬಂದೆ ಮಗಳೇ. ತಟ್ಟೋಕೆ ಕೈ ಎತ್ತಿದ್ದೆ. ಕೆಂಪು ಬಟ್ಟೆ ಕಾಣ್ತು. ಕೈ ಹಂಗೇ ಇಳೀತು.”

ರಾತ್ರಿಪಾಳಿ ಮುಗಿಸಿ ಮಲಗಿದವರ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟುವುದು ನಮ್ಮ ಸಾಲುಮನೆಯ ಕಟ್ಟಳೆ. ಅದು ಕಂಡರೆ ಮಕ್ಕಳು ಆಟ ನಿಲ್ಲಿಸುತ್ತವೆ, ಜಗಳಗಂಟಿಯರೂ ಪಿಸುಗುಡುತ್ತಾರೆ, ಯಾರೂ ಬಾಗಿಲು ತಟ್ಟುವುದಿಲ್ಲ. ಗುಡ್ಡ ಬೀಳುವಾಗಲೂ ತಟ್ಟಲಿಲ್ಲ. ಪಾಪ, ದಣಿದು ಮಲಗಿದ್ದಾನೆ ಎಂದು ಇಳಿಯುವುದು ಆ ಕೈಗೆ ಅಷ್ಟೊಂದು ರೂಢಿಯಾಗಿತ್ತು. ನಿನ್ನೆ ಬೆಳಿಗ್ಗೆ ಆ ಬಟ್ಟೆ ಕಟ್ಟಿ ಬಂದವಳು ನಾನೇ. ಅಜ್ಜಿಯನ್ನು ಬೈಯಲು ಬಾಯಿ ಬರಲಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಬೇರೆ ಬೇರೆಯಾಗಿ ಅತ್ತೆವು.

ಮ್ಯಾನೇಜರನ ಬಳಿ ಹೋಗಿ, ಅವನು ಒಳಗೇ ಇದ್ದಾನೆ, ಬಾಗಿಲ ಕೆಂಪು ಬಟ್ಟೆ ಬಿಚ್ಚದೆ ಹೊಸಿಲು ದಾಟುವವನಲ್ಲ ಎಂದೆ. ಚಿಂದಿಬಟ್ಟೆ ಬಂದು ಸಾಕ್ಷಿ ಹೇಳುತ್ತಾ ಎಂದು ಅವನು ನಕ್ಕ. ಇದ್ದರೂ ಇಷ್ಟು ಹೊತ್ತಿಗೆ ಮುಗಿದಿರುತ್ತೆ, ರಸ್ತೆ ಮೊದಲು ಎಂದ.

ಮುಗಿದಿರಬಹುದು. ಆದರೆ ಮುಗಿದವನ ಮೇಲೆ ಇನ್ನೂ ಮಣ್ಣು ಸುರಿಯಲು ಇವನ್ಯಾರು?

ಒಗೆಯುವ ರಾಶಿಯಿಂದ ದೊಡ್ಡ ಕೋಣೆಯ ಕೆಂಪು ಪರದೆ ಎಳೆದುಕೊಂಡೆ. ಹೆಗಲ ಮೇಲೆ ಹಾಕಿಕೊಂಡು ಬೀಳುತ್ತ ಏಳುತ್ತ ಕೆಳಗಿಳಿದೆ. ಇಷ್ಟು ವರ್ಷ ಬಾಳಿದ ಜಾಗದಲ್ಲಿ ಯಾರ ಮನೆ ಎಲ್ಲಿತ್ತೆಂದೇ ತಿಳಿಯಲಿಲ್ಲ. ಕೊನೆಗೆ ನೀರಿನ ಟ್ಯಾಂಕಿನ ತಲೆ ಕಂಡಿತು. ಅದರ ಪಕ್ಕದ್ದೇ ನಮ್ಮದು. ಕೆಸರಿನ ಮೇಲೆ ಪರದೆ ಹಾಸಿ, ಅದರ ಅಂಚಿಗೆ ಕೂತೆ.

ಮೇಲಿಂದ ಜೆಸಿಬಿಯ ಬಕೆಟ್ಟು ಮಣ್ಣು ತುಂಬಿಕೊಂಡು ಸರಿಯಾಗಿ ನನ್ನ ನೆತ್ತಿಗೆ ಬಂತು. ಬಿದ್ದರೆ ಬೀಳಲಿ ಎನಿಸಿತು. ಅವನ ಜೊತೆಗಾದರೂ ಇರುತ್ತೇನೆ.

ಎಂಜಿನ್ ನಿಂತಿತು. ಡ್ರೈವರ್ ಸಾಲುಮನೆಯ ಕೊನೇ ಮನೆಯವನು, ರಾತ್ರಿಪಾಳಿ ಕಂಡವನೇ. ಕತ್ತು ಚಾಚಿ ಕೆಂಪು ಬಟ್ಟೆ ನೋಡಿದ.

“ಯಾಕೋ ನಿಲ್ಸಿದೆ ಬೋಳಿಮಗನೇ?” ಮ್ಯಾನೇಜರ್ ಮೇಲಿನಿಂದ ಕಿರುಚಿದ.

ಡ್ರೈವರ್ ಬೀಗದ ಕೈ ಕಿತ್ತು ಜೇಬಿಗೆ ಹಾಕಿಕೊಂಡ. ಸಲಿಕೆ ಹಿಡಿದು ಇಳಿದು ಬಂದು, ಪರದೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟ. ಆ ಬಾಗಿಲ ಮುಂದೆ ನಾವೆಲ್ಲ ಮಾತಾಡುತ್ತಿದ್ದ ಹಾಗೆಯೇ, ಪಿಸುದನಿಯಲ್ಲಿ ಕೇಳಿದ:

“ಅಕ್ಕಾ, ಅಣ್ಣ ಯಾವ ಕಡೆ ತಲೆ ಹಾಕಿ ಮಲಗ್ತಿದ್ದ?”

ಟ್ಯಾಂಕಿನ ಕಡೆ ಅಂದೆ, ನಾನೂ ಪಿಸುದನಿಯಲ್ಲೇ.